ಮುಂದಿನ ಭೇಟಿಗೆ ಬೇಕಾದದ್ದನ್ನು ಬರೆಯಿರಿ
ಸಣ್ಣ ಕ್ಲಿನಿಕ್ಕು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಿಜಿಟಲ್ ರೋಗಿ ದಾಖಲೆಯ ಬಳಕೆ

ನಮ್ಮ ಕಡೆ ರೋಗಿಯ ದಾಖಲೆ ಇರುವುದು ಆಸ್ಪತ್ರೆಯಲ್ಲಲ್ಲ, ರೋಗಿಯ ಮನೆಯ ಗೋಡೆಯ ಮೊಳೆಗೆ ನೇತುಹಾಕಿದ ಪ್ಲಾಸ್ಟಿಕ್ ಕವರಿನಲ್ಲಿ. ಜವಳಿ ಅಂಗಡಿಯ ಹೆಸರು ಹೊತ್ತ ಆ ಕವರಿನೊಳಗೆ ಮೂವರು ಡಾಕ್ಟರ ಚೀಟಿಗಳು, ಬಣ್ಣ ಮಾಸಿ ಗೆರೆಯೇ ಕಾಣದಂತಾದ ಇಸಿಜಿ ಕಾಗದ, ಅರ್ಧ ಖಾಲಿಯಾದ ಮಾತ್ರೆಯ ಸ್ಟ್ರಿಪ್ಪು, ಯಾವ ವರ್ಷದ್ದೋ ಒಂದು ರಕ್ತ ಪರೀಕ್ಷೆ ಎಲ್ಲವೂ ಒಟ್ಟಿಗಿರುತ್ತವೆ. ಕವರಿಗೆ ಅದರದ್ದೇ ಗುಣವಿದೆ. ರೋಗಿ ಹೋದಲ್ಲೆಲ್ಲ ಅದೂ ಹೋಗುತ್ತದೆ, ಅದಕ್ಕೆ ಕರೆಂಟೂ ಬೇಡ, ಪಾಸ್‌ವರ್ಡೂ ಬೇಡ. ಆದರೆ ರಾತ್ರಿ ಎದೆನೋವೆಂದು ಎತ್ತಿಕೊಂಡು ಬಂದ ದಿನವೇ ಅದನ್ನು ಮನೆಯಲ್ಲಿ ಬಿಟ್ಟು ಬಂದಿರುತ್ತಾರೆ. ಮೂರು ತಿಂಗಳಿಂದ ಬಿಪಿ ಮಾತ್ರೆ ನಿಲ್ಲಿಸಿ ಮನೆಯಲ್ಲಿರುವವರ ಸುದ್ದಿ ಕ್ಲಿನಿಕ್ಕಿಗೆ ತಿಳಿಯುವ ದಾರಿಯೂ ಅದರಿಂದ ಸಿಗುವುದಿಲ್ಲ.

ಈಗ ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೆ ಕಂಪ್ಯೂಟರ್ ಬಂದಿದೆ, ಸಮುದಾಯ ಆರೋಗ್ಯ ಅಧಿಕಾರಿಯ ಕೈಗೆ ಟ್ಯಾಬ್ ಬಂದಿದೆ, ತಾಲ್ಲೂಕು ಕೇಂದ್ರದ ಒಬ್ಬರೇ ಡಾಕ್ಟರ ಕ್ಲಿನಿಕ್ಕಿಗೂ ಸಾಫ್ಟ್‌ವೇರ್ ಮಾರುವವರು ಬಂದು ಹೋಗುತ್ತಿದ್ದಾರೆ. ಆದರೂ ಬಹಳ ಕಡೆ ಎಂಟ್ರಿ ನಡೆಯುವುದು ಮೇಲಿನ ಕಚೇರಿಗೆ ಅಂಕಿ ಕಳಿಸಲಿಕ್ಕೆ ಮಾತ್ರ. ಒಬ್ಬಳೇ ಗರ್ಭಿಣಿಯ ಹೆಸರು ತಾಯಿ ಕಾರ್ಡಿನಲ್ಲಿ ಒಮ್ಮೆ, ಆರ್‌ಸಿಎಚ್ ಪೋರ್ಟಲ್‌ನಲ್ಲಿ ಒಮ್ಮೆ, ಹೊರರೋಗಿ ರಿಜಿಸ್ಟರಿನಲ್ಲಿ ಒಮ್ಮೆ. ಹೆರಿಗೆಯಾದ ಮೇಲೆ ಮಗುವಿನ ಲಸಿಕೆಗೆ ಯು-ವಿನ್‌ನಲ್ಲಿ ಇನ್ನೊಮ್ಮೆ. ಮನೆಯಲ್ಲಿ ಯಾರಿಗಾದರೂ ಕ್ಷಯವಿದ್ದರೆ ನಿಕ್ಷಯ್, ಅತ್ತೆಗೆ ಶುಗರ್ ಇದ್ದರೆ ಎನ್‌ಸಿಡಿ ಆ್ಯಪ್. ಬರೆದು ಬರೆದು ಕೈ ಸೋತ ನರ್ಸಮ್ಮನಿಗೆ ಆ ಬರಹದಿಂದ ಸಿಕ್ಕ ಲಾಭವೇನು ಎಂದು ಕೇಳಿದರೆ ಉತ್ತರ ಬರುವುದು ಕಷ್ಟ. ಈ ಲೇಖನದ ಮಟ್ಟಿಗೆ ದಾಖಲೆಯನ್ನು ಅಳೆಯುವ ಕೋಲು ಒಂದೇ: ಇದೇ ರೋಗಿ ಮುಂದಿನ ಸಲ ಬಂದಾಗ, ಅಥವಾ ಬರದೇ ಇದ್ದಾಗ, ನೀವು ಬರೆದದ್ದು ಕೆಲಸಕ್ಕೆ ಬರುತ್ತದೆಯೇ?

ಮೊದಲ ತೊಡಕು ಹೆಸರು

ಸಾಫ್ಟ್‌ವೇರ್ ಮಾರುವವರು ತೋರಿಸುವ ಡೆಮೊದಲ್ಲಿ ರೋಗಿಯ ಹೆಸರು ಹುಡುಕುವುದು ಚಿಟಿಕೆ ಹೊಡೆದಷ್ಟು ಸಲೀಸು. ಹಳ್ಳಿಯ ಕೌಂಟರಿನಲ್ಲಿ ಹಾಗಲ್ಲ. ಒಂದೇ ಊರಿನಲ್ಲಿ ಲಕ್ಷ್ಮಮ್ಮ ಎಂಬುವರು ಹತ್ತಾರು ಜನ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಬೆಳಿಗ್ಗೆಯ ಸಿಬ್ಬಂದಿ ಒಂದು ಕಾಗುಣಿತ ಹಾಕಿದರೆ ಮಧ್ಯಾಹ್ನದವರು ಇನ್ನೊಂದು ಹಾಕುತ್ತಾರೆ. ಇನಿಷಿಯಲ್ ಒಮ್ಮೆ ಹೆಸರಿನ ಹಿಂದೆ, ಒಮ್ಮೆ ಮುಂದೆ. ಮದುವೆಗೆ ಮುಂಚೆ ತಂದೆಯ ಹೆಸರು, ಆಮೇಲೆ ಗಂಡನ ಹೆಸರು. ಹೀಗೆ ಒಬ್ಬರಿಗೇ ಮೂರು ಫೈಲು ಹುಟ್ಟಿಕೊಳ್ಳುತ್ತವೆ. ಒಂದರಲ್ಲಿ ಶುಗರ್ ಇದೆ, ಇನ್ನೊಂದರಲ್ಲಿ ಪೆನಿಸಿಲಿನ್ ಅಲರ್ಜಿ ಇದೆ, ಡಾಕ್ಟರು ತೆರೆಯುವುದು ಮೂರನೆಯದನ್ನು. ಒಬ್ಬರ ದಾಖಲೆಯೊಳಗೆ ಇನ್ನೊಬ್ಬರ ಔಷಧ ಸೇರಿಕೊಳ್ಳುವುದು ಇದಕ್ಕಿಂತ ಕೆಟ್ಟದ್ದು.

ಇದಕ್ಕೆ ಕೌಂಟರಿನಲ್ಲಿ ಒಂದು ಕಟ್ಟುಪಾಡು ಬೇಕು. ಹೊಸ ಫೈಲು ತೆರೆಯುವ ಮೊದಲು ಎರಡು ಬಗೆಯಲ್ಲಿ ಹುಡುಕಿ: ಫೋನ್ ನಂಬರಿನಿಂದ ಒಮ್ಮೆ, ಹೆಸರಿನ ಮೊದಲ ಮೂರು ಅಕ್ಷರ ಮತ್ತು ಊರಿನಿಂದ ಒಮ್ಮೆ. ಫೋನ್ ನಂಬರ್ ಒಂದನ್ನೇ ನಂಬಬೇಡಿ. ಮಗನ ಒಂದೇ ನಂಬರಿನಲ್ಲಿ ಅಪ್ಪ, ಅವ್ವ, ಸೊಸೆ, ಮೊಮ್ಮಗ ಎಲ್ಲರೂ ಇರುತ್ತಾರೆ. ವಯಸ್ಸು ಬರೆಯುವ ಬದಲು ಹುಟ್ಟಿದ ವರ್ಷ ಬರೆಯಿರಿ. ಇವತ್ತು ಬರೆದ ‘52’ ಐದು ವರ್ಷದ ನಂತರವೂ 52 ಆಗಿಯೇ ಉಳಿಯುತ್ತದೆ, ವರ್ಷ ಬರೆದರೆ ಲೆಕ್ಕವನ್ನು ಯಂತ್ರವೇ ಮಾಡಿಕೊಳ್ಳುತ್ತದೆ. ಹುಟ್ಟಿದ ತಾರೀಕು ಜೂನ್ 1 ಎಂದಿದ್ದರೆ ಅದು ಬಹುಪಾಲು ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ್ದು. ಗುರುತು ಹಿಡಿಯಲು ಅದು ಸಾಕಾಗುವುದಿಲ್ಲ. ತಿಂಗಳಿಗೊಮ್ಮೆ ಒಂದು ಗಂಟೆ ಕೂತು ಜೋಡಿ ಫೈಲುಗಳನ್ನು ಒಂದಾಗಿಸುವ ಕೆಲಸವನ್ನು ಒಬ್ಬರಿಗೆ ವಹಿಸಿ. ಒಂದಾಗಿಸುವ ಮುನ್ನ ರೋಗಿಯನ್ನೇ ಕೇಳಿ ಖಚಿತಪಡಿಸಿಕೊಳ್ಳಬೇಕು. ತಪ್ಪಾಗಿ ಅಂಟಿಸಿದ ಎರಡು ಫೈಲುಗಳನ್ನು ಬಿಡಿಸುವುದು ಬಹಳ ತ್ರಾಸದ ಕೆಲಸ.

ಹೆಸರನ್ನು ಕನ್ನಡದಲ್ಲೇ ಬರೆಯಲು ಸಾಫ್ಟ್‌ವೇರ್ ಬಿಟ್ಟರೆ ಒಳ್ಳೆಯದು, ಆದರೆ ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ನುಡಿ, ಬರಹ ಫಾಂಟುಗಳ ಎಎಸ್‌ಸಿಐಐ ಅಕ್ಷರದಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ.

ಆಭಾ: ಏನು, ಏನಲ್ಲ

ಈ ಗುರುತಿನ ಗೋಜಲಿಗೆಂದೇ ಬಂದದ್ದು ಆಭಾ ಸಂಖ್ಯೆ. 2020ರ ಆಗಸ್ಟ್ 15ರಂದು ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಾಯೋಗಿಕವಾಗಿ ಶುರುವಾದ ಯೋಜನೆ 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಹೆಸರಿನಲ್ಲಿ ದೇಶವ್ಯಾಪಿಯಾಯಿತು. ಆಭಾ ಎಂದರೆ 14 ಅಂಕಿಯ ಒಂದು ಗುರುತು. ಅದರ ಜೊತೆಗೆ ಇಮೇಲ್‌ನಂತೆ ಕಾಣುವ ಒಂದು ವಿಳಾಸವೂ ಇರುತ್ತದೆ.

ಕೌಂಟರಿನಲ್ಲಿ ದಿನಾ ಆಗುವ ಗೊಂದಲವೊಂದನ್ನು ಮೊದಲು ಬಿಡಿಸೋಣ. ಆಭಾ ಕಾರ್ಡು ಬೇರೆ, ಆಯುಷ್ಮಾನ್ ಕಾರ್ಡು ಬೇರೆ. ಆಸ್ಪತ್ರೆ ಖರ್ಚನ್ನು ಸರ್ಕಾರ ಭರಿಸುವ ಯೋಜನೆಗೆ ಬೇಕಾದದ್ದು ಆಯುಷ್ಮಾನ್ ಕಾರ್ಡು. ಕರ್ನಾಟಕದಲ್ಲಿ 2018ರಿಂದ ಅದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಆಭಾದಿಂದ ಒಂದು ರೂಪಾಯಿಯೂ ಸಿಗುವುದಿಲ್ಲ, ದಾಖಲೆಗಳನ್ನು ಒಂದಕ್ಕೊಂದು ಜೋಡಿಸುವುದಷ್ಟೇ ಅದರ ಕೆಲಸ. ‘ಆಭಾ ಮಾಡಿಸಿದ್ದೀನಲ್ಲ, ಆಪರೇಷನ್ ಫ್ರೀ ಅಲ್ವಾ’ ಎಂದು ಬಂದವರನ್ನು ಬರಿಗೈಲಿ ಕಳಿಸುವ ಬದಲು, ಮಾಡಿಸುವ ಹೊತ್ತಿಗೇ ಎರಡು ಮಾತು ಹೇಳಿದರೆ ಜಗಳ ತಪ್ಪುತ್ತದೆ.

ಇನ್ನೊಂದು ವಿಷಯ. ಆಭಾ ಸ್ವಇಚ್ಛೆಯದ್ದು. ಅದಿಲ್ಲವೆಂದು ಯಾರಿಗೂ ಚಿಕಿತ್ಸೆ ನಿರಾಕರಿಸುವಂತಿಲ್ಲ. ಆಭಾ ಮಾಡಿಸಿದೊಡನೆ ದಾಖಲೆಗಳೆಲ್ಲ ದಿಲ್ಲಿಯ ಯಾವುದೋ ಒಂದು ಗೋದಾಮಿಗೆ ಹೋಗಿ ಬೀಳುತ್ತವೆ ಎಂಬುದೂ ಸರಿಯಲ್ಲ. ವ್ಯವಸ್ಥೆಯ ವಿನ್ಯಾಸದ ಪ್ರಕಾರ ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೇ ಉಳಿಯುತ್ತದೆ. ಬೇರೆ ಆಸ್ಪತ್ರೆಗೆ ಅದು ಬೇಕಾದರೆ ರೋಗಿಯ ಫೋನಿಗೆ ಒಪ್ಪಿಗೆಯ ಕೋರಿಕೆ ಬರುತ್ತದೆ. ಯಾವ ದಾಖಲೆ, ಯಾವ ಅವಧಿಯದ್ದು, ಎಲ್ಲಿಯವರೆಗೆ ನೋಡಬಹುದು ಎಂಬುದನ್ನು ರೋಗಿ ಗೊತ್ತುಪಡಿಸಬಹುದು, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲೂಬಹುದು.

ಇದರ ನಿಜವಾದ ಬೆಲೆ ತಿಳಿಯುವುದು ಊರು ಬಿಟ್ಟು ದುಡಿಯುವವರ ವಿಷಯದಲ್ಲಿ. ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದವರಿಗೆ ಊರಿನಲ್ಲಿ ಶುರುವಾದ ಬಿಪಿ ಚಿಕಿತ್ಸೆ ಶೆಡ್ಡಿನ ಪಕ್ಕದ ಸರ್ಕಾರಿ ನಮ್ಮ ಕ್ಲಿನಿಕ್‌ನಲ್ಲಿ ಮುಂದುವರಿಯಬೇಕು. ಆಗ ಹಳೆಯ ಔಷಧದ ಹೆಸರು ತೆರೆಯ ಮೇಲೆ ಬಂದರೆ ಅರ್ಧ ಕೆಲಸ ಮುಗಿದಂತೆ. ಕ್ಷಯರೋಗದಲ್ಲಿ ಇದು ಆಗಲೇ ರೂಢಿಯಲ್ಲಿದೆ: 2012ರಲ್ಲಿ ಬಂದ ನಿಕ್ಷಯ್ ವ್ಯವಸ್ಥೆಯಲ್ಲಿ ರೋಗಿ ಜಿಲ್ಲೆ ಬದಲಿಸಿದರೆ ಅವರ ಚಿಕಿತ್ಸೆಯ ದಾಖಲೆಯನ್ನೂ ವರ್ಗಾಯಿಸಬಹುದು.

ಖಾಸಗಿ ಕ್ಲಿನಿಕ್ಕಿನವರು ಈ ಜಾಲಕ್ಕೆ ಸೇರಬೇಕಾದರೆ ವೈದ್ಯರು ಆರೋಗ್ಯ ವೃತ್ತಿಪರರ ನೋಂದಣಿಯಲ್ಲಿ, ಕ್ಲಿನಿಕ್ಕು ಆರೋಗ್ಯ ಸಂಸ್ಥೆಗಳ ನೋಂದಣಿಯಲ್ಲಿ ಹೆಸರು ದಾಖಲಿಸಬೇಕು. ಇದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ ನೋಂದಣಿಗೆ ಬದಲಿಯಲ್ಲ, ಅದು ಇದ್ದೇ ಇರಬೇಕು.

ಏನು ಬರೆಯಬೇಕು

ಮಧ್ಯಾಹ್ನದೊಳಗೆ ನೂರರ ಹತ್ತಿರ ಚೀಟಿ ಮುಗಿಸಬೇಕಾದ ಡಾಕ್ಟರಿಗೆ ‘ಎಲ್ಲವನ್ನೂ ವಿವರವಾಗಿ ಬರೆಯಿರಿ’ ಎನ್ನುವುದು ಬೂಟಾಟಿಕೆಯ ಸಲಹೆ. ಆದ್ದರಿಂದ ಒಂದು ಕನಿಷ್ಠ ಮಟ್ಟ ಇಟ್ಟುಕೊಳ್ಳುವುದು ಲೇಸು. ಫೈಲು ತೆರೆದ ಕೂಡಲೇ, ಎಲ್ಲೂ ಒತ್ತದೆ, ನಾಲ್ಕು ಸಂಗತಿ ಕಾಣಬೇಕು: ಇವರಿಗೆ ಇರುವ ದೀರ್ಘಕಾಲದ ಕಾಯಿಲೆಗಳು, ಈಗ ನುಂಗುತ್ತಿರುವ ಔಷಧಗಳು, ಅಲರ್ಜಿ, ಕಳೆದ ಸಲ ಏನು ಮಾಡಬೇಕೆಂದು ಬಾಕಿ ಉಳಿಸಿದ್ದು. ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1968ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ ದಾಖಲೆಯನ್ನು ತಾರೀಕಿನ ಸುತ್ತ ಕಟ್ಟದೆ ರೋಗಿಯ ಸಮಸ್ಯೆಗಳ ಸುತ್ತ ಕಟ್ಟಬೇಕೆಂದು ವಾದಿಸಿದರು. ಅದು ಕಾಗದದ ಕಾಲದ ಮಾತು. ಆದರೂ ಇವತ್ತಿನ ಎಷ್ಟೋ ಸಾಫ್ಟ್‌ವೇರುಗಳು ತಾರೀಕಿನ ಸಾಲನ್ನೇ ಮೊದಲು ತೋರಿಸಿ ಸಮಸ್ಯೆಗಳ ಪಟ್ಟಿಯನ್ನು ಒಂದು ಮೂಲೆಗೆ ತಳ್ಳುತ್ತವೆ. ನಿಮ್ಮ ಸಾಫ್ಟ್‌ವೇರಿನಲ್ಲಿ ಆ ಪಟ್ಟಿ ಎಲ್ಲಿದೆ ಎಂದು ಹುಡುಕಿ ಹಿಡಿಯುವುದೇ ಮೊದಲ ಪಾಠವಾಗಲಿ.

ದಿನದ ಟಿಪ್ಪಣಿಗೂ ವೀಡ್ ಅವರ ದಾರಿಯೇ ಸಾಕು. ರೋಗಿ ಹೇಳಿದ್ದು, ನೀವು ಕಂಡದ್ದು, ನಿಮಗೆ ಅನಿಸಿದ್ದು, ಮುಂದೆ ಮಾಡಬೇಕಾದದ್ದು. ಮಳೆಗಾಲದ ಒಂದು ಜ್ವರದ ಟಿಪ್ಪಣಿ ಹೀಗಿರಬಹುದು: ‘3 ದಿನದ ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು, ಕೆಮ್ಮಿಲ್ಲ. ಉಷ್ಣತೆ 101, ಬಿಪಿ 110/70, ಮೈಮೇಲೆ ಕಲೆ ಇಲ್ಲ, ಹೊಟ್ಟೆ ಮೃದು. ಡೆಂಗಿ ಇರಬಹುದು. ರಕ್ತ ಪರೀಕ್ಷೆ, ಪ್ಲೇಟ್‌ಲೆಟ್. ಪ್ಯಾರಾಸಿಟಮಾಲ್ ಮಾತ್ರ, ಡೈಕ್ಲೋಫೆನಾಕ್-ಐಬುಪ್ರೊಫೆನ್ ಬೇಡ. ನಾಳೆ ಮತ್ತೆ ನೋಡಬೇಕು, ವಾಂತಿ ಅಥವಾ ಹೊಟ್ಟೆನೋವು ಬಂದರೆ ತಕ್ಷಣ.’ ಮರುದಿನ ಡ್ಯೂಟಿಯಲ್ಲಿ ಬೇರೆ ಡಾಕ್ಟರು ಇದ್ದರೂ ಅಷ್ಟು ಸಾಲು ಸಾಕು. ‘ಕೆಮ್ಮಿಲ್ಲ’, ‘ಕಲೆ ಇಲ್ಲ’ ಎಂಬ ಇಲ್ಲಗಳನ್ನು ಗಮನಿಸಿ. ನಾಳೆ ಕಲೆ ಕಾಣಿಸಿಕೊಂಡರೆ ಅದು ಹೊಸದು ಎಂದು ತಿಳಿಯುವುದು ಅವುಗಳಿಂದಲೇ.

ಅಂಕಿ ಬರೆಯುವಾಗ ಅದರ ಹಿನ್ನೆಲೆಯನ್ನೂ ಬರೆಯಬೇಕು. ‘ಶುಗರ್ 180’ ಎಂದರೆ ಏನೂ ತಿಳಿಯುವುದಿಲ್ಲ. ಬರಿಹೊಟ್ಟೆಯಲ್ಲಿ 180 ಬಂದರೆ ಚಿಂತೆಯ ವಿಷಯ, ಊಟವಾದ ಎರಡು ಗಂಟೆಗಾದರೆ ಮಾತು ಬೇರೆ. ಮಗುವಿನ ತೂಕದ ಪಕ್ಕ ತಾರೀಕು ಇರಲೇಬೇಕು. ಪ್ಯಾರಾಸಿಟಮಾಲ್ ಪ್ರಮಾಣ ಕಿಲೋಗೆ ಇಷ್ಟು ಎಂದು ಲೆಕ್ಕ ಹಾಕುವುದರಿಂದ ಆರು ತಿಂಗಳ ಹಿಂದಿನ ತೂಕ ಹಿಡಿದರೆ ಲೆಕ್ಕ ತಪ್ಪುತ್ತದೆ. ಅಲರ್ಜಿಯ ಜಾಗದಲ್ಲಿ ಔಷಧದ ಹೆಸರಿನ ಜೊತೆ ಏನಾಯಿತು ಎಂಬುದನ್ನೂ ಬರೆಯಿರಿ. ‘ಆ ಇಂಜೆಕ್ಷನ್ ನನಗೆ ಆಗಿಬರಲ್ಲ’ ಎಂದವರಿಗೆ ಆದದ್ದು ವಾಕರಿಕೆಯೋ, ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿದ್ದೋ? ಎರಡನ್ನೂ ಒಂದೇ ಕೆಂಪು ಅಕ್ಷರದಲ್ಲಿ ಬರೆದಿಟ್ಟರೆ ಸ್ವಲ್ಪ ದಿನದಲ್ಲೇ ಆ ಕೆಂಪನ್ನು ಯಾರೂ ನೋಡುವುದಿಲ್ಲ. ಔಷಧ-ಔಷಧಗಳ ತಿಕ್ಕಾಟದ ಬಗ್ಗೆ ಯಂತ್ರ ಕೊಡುವ ಎಚ್ಚರಿಕೆಗಳಿಗೂ ಇದೇ ಗತಿ. ಸಣ್ಣಪುಟ್ಟದ್ದಕ್ಕೆಲ್ಲ ಹೊಡೆಯುವ ಗಂಟೆಯನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿ, ದೊಡ್ಡವನ್ನಷ್ಟೇ ಉಳಿಸಿಕೊಳ್ಳಿ.

ಡಿಜಿಟಲ್ ದಾಖಲೆಯ ನಿಜವಾದ ಶಕ್ತಿ ಸಾಲಿನಲ್ಲಿದೆ. ಕ್ರಿಯಾಟಿನಿನ್ ಒಮ್ಮೆ 0.9, ಮುಂದಿನ ವರ್ಷ 1.2, ಆಮೇಲೆ 1.5. ಬಿಡಿಬಿಡಿಯಾಗಿ ಬೇರೆ ಬೇರೆ ಲ್ಯಾಬಿನ ಚೀಟಿಯಲ್ಲಿ ನೋಡಿದರೆ ಯಾವುದೂ ಗಾಬರಿ ಹುಟ್ಟಿಸುವುದಿಲ್ಲ. ಒಂದರ ಪಕ್ಕ ಒಂದಿಟ್ಟರೆ ಮೂತ್ರಪಿಂಡ ಸೋಲುತ್ತಿರುವುದು ಕಾಣುತ್ತದೆ. ಅಲ್ಲಿಂದ ಮುಂದೆ ಮಂಡಿನೋವಿಗೆ ಬರೆಯುವ ಮಾತ್ರೆ ಯಾವುದು, ಮೆಟ್‌ಫಾರ್ಮಿನ್ ಎಷ್ಟು ಎಂಬ ಯೋಚನೆಯೇ ಬದಲಾಗಬೇಕು. ಆದರೆ ಲ್ಯಾಬ್ ವರದಿಯನ್ನು ಫೋಟೊ ತೆಗೆದು ಅಂಟಿಸಿಟ್ಟರೆ ಈ ಸಾಲು ಹುಟ್ಟುವುದಿಲ್ಲ, ಚಿತ್ರದೊಳಗಿನ ಅಂಕಿಯನ್ನು ಯಂತ್ರ ಜೋಡಿಸಿಕೊಡುವುದಿಲ್ಲ. ಎಲ್ಲವನ್ನೂ ಟೈಪ್ ಮಾಡುವುದು ಆಗದ ಮಾತು. ಬಿಪಿ, ತೂಕ, ಶುಗರ್, ಕ್ರಿಯಾಟಿನಿನ್, ಗರ್ಭಿಣಿಯರ ಹಿಮೋಗ್ಲೋಬಿನ್, ಇಷ್ಟನ್ನು ಅಂಕಿಯಾಗಿಯೇ ತುಂಬಿ. ಉಳಿದದ್ದು ಫೋಟೊ ಆಗಿಯೇ ಇರಲಿ, ಅಡ್ಡಿಯಿಲ್ಲ.

ಹಾಗೆಯೇ ಒಂದು ಎಚ್ಚರ. ಕಳೆದ ಸಲದ ಟಿಪ್ಪಣಿಯನ್ನು ಹಾಗೇ ನಕಲಿಸುವ ಗುಂಡಿ ಬಹಳ ಆಕರ್ಷಕ. ‘ಎದೆ ಸ್ವಚ್ಛ, ಹೊಟ್ಟೆ ಮೃದು, ಬಿಪಿ 120/80’ ಎಂಬ ಅಚ್ಚು ಹಾಕಿದಂಥ ಸಾಲು ಇಡೀ ಊರಿಗೇ ಅನ್ವಯವಾಗಿಬಿಡುತ್ತದೆ. ಸ್ಟೆತಸ್ಕೋಪ್ ಇಡದೇ ಎದೆ ಸ್ವಚ್ಛ ಎಂದು ಬರೆದದ್ದು ಕೋರ್ಟಿನಲ್ಲಿ ನಿಮ್ಮನ್ನು ಕಾಯುವುದಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಮುಂದೆ ನೋಡುವ ಡಾಕ್ಟರನ್ನು ಅದು ದಾರಿ ತಪ್ಪಿಸುತ್ತದೆ. ನೋಡದಿದ್ದರೆ ಖಾಲಿ ಬಿಡಿ. ಜಿಲ್ಲೆಯ ಬಿಪಿ ಅಂಕಿಗಳೆಲ್ಲ ಸೊನ್ನೆಯಲ್ಲೇ ಕೊನೆಯಾಗುತ್ತಿದ್ದರೆ ಅಲ್ಲಿ ಬಿಪಿಯನ್ನು ಅಳೆಯುವುದಕ್ಕಿಂತ ಅಂದಾಜು ಮಾಡುವುದೇ ಹೆಚ್ಚೆಂದು ಅನುಮಾನಿಸಬಹುದು.

ಔಷಧದ ಚೀಟಿಯ ಮುದ್ರಣದಲ್ಲಂತೂ ಕನ್ನಡ ಇರಲೇಬೇಕು. ಔಷಧದ ಹೆಸರು ಇಂಗ್ಲಿಷಿನಲ್ಲಿ ದೊಡ್ಡಕ್ಷರದಲ್ಲಿ, ನುಂಗುವ ಕ್ರಮ ಕನ್ನಡದಲ್ಲಿ: ‘ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು, ರಾತ್ರಿ ಊಟ ಆದ ಮೇಲೆ ಒಂದು’. 1-0-1 ಎಂಬುದು ಔಷಧ ಅಂಗಡಿಯವರಿಗೆ ತಿಳಿದೀತು, ಒಬ್ಬರೇ ಇರುವ ಅಜ್ಜಿಗೆ ತಿಳಿಯಬೇಕೆಂದೇನೂ ಇಲ್ಲ.

ಮುಖ ನೋಡಬೇಕೋ ತೆರೆ ನೋಡಬೇಕೋ

‘ಡಾಕ್ಟ್ರು ಈಗ ಮುಖಾನೇ ನೋಡಲ್ಲ, ಟಿವಿ ನೋಡ್ತಾ ಕೂತಿರ್ತಾರೆ’ ಎಂಬ ದೂರು ಸುಳ್ಳಲ್ಲ. ಇದಕ್ಕೆ ದೊಡ್ಡ ಮದ್ದೇನೂ ಬೇಡ, ಮೇಜಿನ ಜೋಡಣೆ ಬದಲಿಸಿದರೆ ಸಾಕು. ಮಾನಿಟರನ್ನು ರೋಗಿಗೂ ಡಾಕ್ಟರಿಗೂ ನಡುವೆ ಗೋಡೆಯಂತೆ ನಿಲ್ಲಿಸದೆ ಪಕ್ಕಕ್ಕೆ, ಇಬ್ಬರಿಗೂ ಕಾಣುವಂತೆ ಓರೆಯಾಗಿ ಇಡಿ. ಮೊದಲ ಒಂದು ನಿಮಿಷ ಕೀಲಿಮಣೆ ಮುಟ್ಟಬೇಡಿ. ಆಮೇಲೆ ಬಿಪಿಯ ಗೆರೆ ಏರಿದ್ದನ್ನು ತೋರಿಸಿ, ಔಷಧದ ಪಟ್ಟಿಯನ್ನು ಗಟ್ಟಿಯಾಗಿ ಓದಿ. ‘ಇದು ನಿಲ್ಲಿಸಿ ಎರಡು ತಿಂಗಳಾಯ್ತು ಸಾರ್’ ಎಂಬ ಮಾತು ಹೊರಬರುವುದು ಆಗಲೇ. ತೂಕ, ಬಿಪಿ, ಉಷ್ಣತೆಯನ್ನು ನರ್ಸ್ ಮೊದಲೇ ತುಂಬಿದ್ದರೆ ಡಾಕ್ಟರು ಬರೆಯುವುದು ನಾಲ್ಕು ಸಾಲಿಗೆ ಇಳಿಯುತ್ತದೆ. ಕನ್ನಡದಲ್ಲಿ ಮಾತಾಡಿ ಟೈಪ್ ಮಾಡಿಸುವ ಸೌಲಭ್ಯ ಈಗ ಫೋನುಗಳಲ್ಲಿದೆ, ಬಳಸಿ. ಆದರೆ ಔಷಧದ ಹೆಸರು ಮತ್ತು ಪ್ರಮಾಣವನ್ನು ಅದಕ್ಕೆ ಬಿಡಬೇಡಿ, ಅವನ್ನು ಪಟ್ಟಿಯಿಂದಲೇ ಆರಿಸಿ.

ಬಾರದವರ ಪಟ್ಟಿ

ಕಾಗದಕ್ಕೆ ಎಂದೂ ಆಗದ ಕೆಲಸ ಇದು. ಬಂದವರ ಲೆಕ್ಕ ರಿಜಿಸ್ಟರಿನಲ್ಲೂ ಸಿಗುತ್ತದೆ, ಬಾರದವರದ್ದು ಸಿಗುವುದಿಲ್ಲ. ಕಿರಾಣಿ ಅಂಗಡಿಯವರು ಉದ್ರಿ ಪುಸ್ತಕ ತೆರೆಯುವುದು ಕೊಟ್ಟವರನ್ನು ನೋಡಲಿಕ್ಕಲ್ಲ, ಬಾಕಿ ಉಳಿಸಿಕೊಂಡು ಆ ರಸ್ತೆಯನ್ನೇ ಬಿಟ್ಟವರನ್ನು ಹುಡುಕಲಿಕ್ಕೆ. ಕ್ಲಿನಿಕ್ಕಿನ ಕಂಪ್ಯೂಟರನ್ನೂ ವಾರಕ್ಕೊಮ್ಮೆ ಹಾಗೆ ತೆರೆಯಬೇಕು.

2017ರಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮದಲ್ಲಿ ಬಳಕೆಗೆ ಬಂದ ಸಿಂಪಲ್ ಎಂಬ ಆ್ಯಪ್ ಈ ವಿಚಾರದಲ್ಲಿ ನೋಡಿ ಕಲಿಯುವಂಥದ್ದು. ರೋಗಿಯ ಕಾರ್ಡಿನ ಮೇಲಿನ ಕ್ಯೂಆರ್ ಸಂಕೇತವನ್ನು ಫೋನಿಗೆ ತೋರಿಸಿದರೆ ಫೈಲು ತೆರೆಯುತ್ತದೆ. ನರ್ಸ್ ತುಂಬಬೇಕಾದದ್ದು ಬಿಪಿ, ಔಷಧ, ಮುಂದಿನ ತಾರೀಕು, ಇಷ್ಟೇ. ತಾರೀಕು ಮೀರಿಯೂ ಬಾರದವರ ಹೆಸರು ತಾನಾಗಿ ಒಂದು ಪಟ್ಟಿಗೆ ಬೀಳುತ್ತದೆ, ಅಲ್ಲಿಂದಲೇ ಫೋನ್ ಮಾಡಬಹುದು. ತುಂಬುವ ಜಾಗ ಕಡಿಮೆ ಇದ್ದದ್ದರಿಂದಲೇ ಸಿಬ್ಬಂದಿ ಅದನ್ನು ತುಂಬಿದರು. ನೂರು ಪ್ರಶ್ನೆಯ ಫಾರಂ ಕೊಡುವ ಕಚೇರಿಗಳು ಇದನ್ನೊಮ್ಮೆ ನೋಡಬೇಕಿತ್ತು.

ಇಂಥ ಆ್ಯಪ್ ಇಲ್ಲದಿದ್ದರೂ ಪರವಾಗಿಲ್ಲ. ‘ಮುಂದಿನ ಭೇಟಿ’ ಎಂಬ ಜಾಗವನ್ನು ಪ್ರತಿ ಸಲವೂ ತುಂಬುವುದು ರೂಢಿಯಾದರೆ ಯಾವ ಸಾಫ್ಟ್‌ವೇರಿನಿಂದಲೂ ಈ ಪಟ್ಟಿ ತೆಗೆಯಬಹುದು. ವಾರದ ಒಂದು ದಿನ ಪಟ್ಟಿ ಮುದ್ರಿಸಿ ಊರುವಾರು ವಿಂಗಡಿಸಿ ಆಶಾ ಕಾರ್ಯಕರ್ತೆಯರ ಕೈಗೆ ಕೊಡಿ. ಬಿಪಿ, ಶುಗರ್, ಫಿಟ್ಸ್, ಕ್ಷಯ, ಹೆಚ್ಚು ಅಪಾಯವಿರುವ ಗರ್ಭಿಣಿಯರು, ಲಸಿಕೆ ತಪ್ಪಿದ ಮಕ್ಕಳು. ಮರಳಿ ಬಂದ ಉತ್ತರವನ್ನೂ ಬರೆಯಬೇಕು: ‘ಮಗಳ ಊರಿಗೆ ಹೋಗಿದ್ದಾರೆ’, ‘ನಾಟಿ ಔಷಧ ತೆಗೆದುಕೊಳ್ಳುತ್ತಿದ್ದಾರೆ’, ‘ಬಸ್ಸಿಲ್ಲ’, ‘ತೀರಿಕೊಂಡರು’. ಕೊನೆಯದನ್ನು ತಪ್ಪದೆ ಬರೆಯಿರಿ. ತೀರಿಹೋದವರ ಮನೆಗೆ ‘ನಿಮ್ಮ ತಪಾಸಣೆ ಬಾಕಿ ಇದೆ’ ಎಂಬ ಮೆಸೇಜು ಹೋಗಬಾರದು.

ಊರು ಚಿಕ್ಕದು, ಗುಟ್ಟು ದೊಡ್ಡದು

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹ್ಯಾಕರ್‌ಗಳ ಭಯ. ಸಣ್ಣ ಊರಿನ ಕ್ಲಿನಿಕ್ಕಿಗೆ ಕೌಂಟರಿನ ಹುಡುಗನದ್ದೇ ಭಯ, ಏಕೆಂದರೆ ರೋಗಿ ಅವನ ಅತ್ತಿಗೆಯ ತಂಗಿಯಾಗಿರಬಹುದು. ಆದ್ದರಿಂದ ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಕೊಡಿ. ಕೌಂಟರಿಗೆ ಹೆಸರು, ಟೋಕನ್, ಬಿಲ್ಲು ಕಂಡರೆ ಸಾಕು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುವ ಪದ್ಧತಿ ಬಿಡಬೇಕು. ಯಾರು ಯಾವ ಫೈಲು ತೆರೆದರು ಎಂಬ ಲಾಗ್ ಇದೆಯೆಂದು ಎಲ್ಲರಿಗೂ ತಿಳಿದಿದ್ದರೆ ಕುತೂಹಲ ತಾನಾಗಿ ತಗ್ಗುತ್ತದೆ.

ಎಚ್‌ಐವಿ ಸ್ಥಿತಿಯ ಗೋಪ್ಯತೆಗೆ 2017ರ ಪ್ರತ್ಯೇಕ ಕಾಯ್ದೆಯೇ ಇದೆ. ಗರ್ಭಪಾತ, ಮಾನಸಿಕ ಕಾಯಿಲೆ, ಮನೆಯೊಳಗಿನ ಹೊಡೆತದ ಗಾಯ, ಇವುಗಳ ಟಿಪ್ಪಣಿಗೂ ಬೀಗ ಬೇಕು. ಎಸ್‌ಎಂಎಸ್‌ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಫೋನ್ ಮನೆಗೊಂದೇ ಎಂದು ಮೇಲೆ ಹೇಳಿದೆನಲ್ಲ, ಸೊಸೆಯ ಪರೀಕ್ಷೆಯ ಫಲಿತಾಂಶ ಮೊದಲು ಓದುವವರು ಮಾವನೋ ಮೈದುನನೋ ಆಗಿರುತ್ತಾರೆ. ಮೆಸೇಜಿನಲ್ಲಿ ತಾರೀಕು, ಸಮಯ, ಕ್ಲಿನಿಕ್ಕಿನ ಹೆಸರು, ಇಷ್ಟೇ ಇರಲಿ. ಕಾಯಿಲೆಯ ಹೆಸರೂ ಬೇಡ, ಪರೀಕ್ಷೆಯ ಹೆಸರೂ ಬೇಡ. ಸಿಬ್ಬಂದಿಯ ವಾಟ್ಸ್ಆ್ಯಪ್ ಗುಂಪಿಗೆ ರೋಗಿಯ ಹೆಸರು ಕಾಣುವ ಎಕ್ಸ್‌ರೇ, ಗಾಯದ ಫೋಟೊ ಹಾಕುವುದನ್ನು ಪೂರಾ ನಿಲ್ಲಿಸಬೇಕು. ಆ ಫೋಟೊಗಳು ಫೋನಿನ ಗ್ಯಾಲರಿಯಲ್ಲಿ ಉಳಿದು, ಮಕ್ಕಳು ಆಟಕ್ಕೆ ಫೋನ್ ಹಿಡಿದಾಗ ಅವರ ಕಣ್ಣಿಗೂ ಬೀಳುತ್ತವೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸುರಕ್ಷತಾ ಕ್ರಮ ಕೈಗೊಳ್ಳದೆ ಮಾಹಿತಿ ಸೋರಿಹೋದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶ ಕೊಟ್ಟಿದೆ. ಆ ಮೊತ್ತ ಸಣ್ಣ ಕ್ಲಿನಿಕ್ಕಿಗೆ ಬೀಳುವುದಲ್ಲ ಎನಿಸಬಹುದು, ಹೊಣೆಯಂತೂ ಎಲ್ಲರದ್ದು. ಇನ್ನೊಂದು ನಿಯಮ ಹಳೆಯದು, ಆದರೂ ಎಷ್ಟೋ ಮಂದಿಗೆ ಗೊತ್ತಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು, ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ದಾಖಲೆಗಳನ್ನು ಬೇಗ ಹುಡುಕಲು ಕಂಪ್ಯೂಟರೀಕರಿಸುವ ಪ್ರಯತ್ನ ಮಾಡಬೇಕು ಎಂಬ ಮಾತೂ ಅದರಲ್ಲಿದೆ. ಫೋನ್ ಅಥವಾ ವೀಡಿಯೊದಲ್ಲಿ ಸಲಹೆ ಕೊಟ್ಟರೆ ಅದನ್ನೂ ದಾಖಲಿಸಬೇಕೆಂದು 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿ ಹೇಳುತ್ತದೆ.

ಕೊಳ್ಳುವ ಮೊದಲು, ಶುರು ಮಾಡುವ ಮೊದಲು

ಸರ್ಕಾರಿ ಕೇಂದ್ರದವರಿಗೆ ಆಯ್ಕೆ ಕಡಿಮೆ, ಕೊಟ್ಟದ್ದನ್ನು ಬಳಸಬೇಕು. ಖಾಸಗಿಯವರು ಮಾರಾಟಗಾರರನ್ನು ಕೇಳಲೇಬೇಕಾದ ಪ್ರಶ್ನೆ ಶುರುವಿನ ಬಗ್ಗೆಯಲ್ಲ, ಕೊನೆಯ ಬಗ್ಗೆ: ನಾಳೆ ನಾನು ನಿಮ್ಮನ್ನು ಬಿಟ್ಟರೆ ನನ್ನ ರೋಗಿಗಳ ಪೂರ್ತಿ ದಾಖಲೆ ಬೇರೆ ಸಾಫ್ಟ್‌ವೇರಿಗೆ ಹಾಕಬಹುದಾದ ರೂಪದಲ್ಲಿ ಸಿಗುತ್ತದೆಯೇ? ಪಿಡಿಎಫ್ ಕೊಡುತ್ತೇವೆ ಎಂದರೆ ಅದು ಕೊಟ್ಟಂತಲ್ಲ. ಬಾಯಿಮಾತನ್ನು ನಂಬದೆ ಕರಾರಿನಲ್ಲಿ ಬರೆಸಿಕೊಳ್ಳಿ. ಡಿಜಿಟಲ್ ಮಿಷನ್‌ನ ಎಂ1, ಎಂ2, ಎಂ3 ಎಂಬ ಮೂರು ಹಂತಗಳಲ್ಲಿ ಯಾವುದನ್ನು ದಾಟಿದ್ದೀರಿ ಎಂದೂ ಕೇಳಿ. ಎಂ1 ಎಂದರೆ ಆಭಾ ಮಾಡುವುದು ಮತ್ತು ಪರಿಶೀಲಿಸುವುದು ಮಾತ್ರ. ದಾಖಲೆ ಹಂಚಲು ಎಂ2, ಬೇರೆಡೆಯ ದಾಖಲೆ ತರಿಸಿಕೊಳ್ಳಲು ಎಂ3 ಬೇಕು. ‘ಆಭಾ ಇದೆ ಸಾರ್’ ಎನ್ನುವವರಲ್ಲಿ ಕೆಲವರು ಮೊದಲ ಹಂತದಲ್ಲೇ ನಿಂತಿರುತ್ತಾರೆ. ಇಂಟರ್‌ನೆಟ್ ಇಲ್ಲದಾಗಲೂ ನಡೆಯುತ್ತದೆಯೇ, ಕನ್ನಡ ಮುದ್ರಣ ಬರುತ್ತದೆಯೇ ಎಂಬುದನ್ನು ನಿಮ್ಮ ಮೇಜಿನಲ್ಲೇ, ನಿಮ್ಮ ಪ್ರಿಂಟರಿನಲ್ಲೇ ತೋರಿಸಲಿ. ತುಸು ದೊಡ್ಡ ಸೇವಾಸಂಸ್ಥೆಯ ಆಸ್ಪತ್ರೆಗಳಿಗೆ ಮುಕ್ತ ತಂತ್ರಾಂಶವಾದ ಬಾಹ್ಮ್ನಿ ಇದೆ. ಅದು ಮೊದಲು ಬಳಕೆಗೆ ಬಂದದ್ದು ಛತ್ತೀಸ್‌ಗಢದ ಗನಿಯಾರಿ ಎಂಬ ಹಳ್ಳಿಯ ಜನ್ ಸ್ವಾಸ್ಥ್ಯ ಸಹಯೋಗ್ ಆಸ್ಪತ್ರೆಯಲ್ಲಿ. ಸಾಫ್ಟ್‌ವೇರ್ ಉಚಿತವೆಂದು ನಡೆಸುವುದೂ ಉಚಿತವೆಂದುಕೊಳ್ಳಬೇಡಿ, ನೋಡಿಕೊಳ್ಳಲು ಬಲ್ಲವರು ಒಬ್ಬರು ಬೇಕು.

ಹಳೆಯ ಕಾಗದವನ್ನೆಲ್ಲ ಸ್ಕ್ಯಾನ್ ಮಾಡುವ ಉತ್ಸಾಹ ಬೇಡ. ಅದನ್ನು ಯಾರೂ ಮತ್ತೆ ತೆರೆಯುವುದಿಲ್ಲ. ದೀರ್ಘ ಕಾಯಿಲೆಯವರು ಬಂದ ದಿನ ಅವರ ಸಾರಾಂಶವನ್ನಷ್ಟೇ ತುಂಬಿ. ಜ್ವರದ ಸಾಲು ಬಾಗಿಲಾಚೆ ನಿಲ್ಲುವ ಜುಲೈ, ಆಗಸ್ಟ್‌ನಲ್ಲಿ ಹೊಸ ವ್ಯವಸ್ಥೆ ಶುರು ಮಾಡಬೇಡಿ. ಕೆಲವು ವಾರ ಕಾಗದ ಮತ್ತು ಕಂಪ್ಯೂಟರ್ ಎರಡೂ ನಡೆಯಲಿ, ಆದರೆ ಕಾಗದ ನಿಲ್ಲಿಸುವ ತಾರೀಕನ್ನು ಮೊದಲೇ ಗೋಡೆಗೆ ಬರೆದಿಡಿ. ಇಲ್ಲವಾದರೆ ಎರಡೂ ಅರ್ಧಂಬರ್ಧವಾಗಿ ವರ್ಷಗಟ್ಟಲೆ ನಡೆಯುತ್ತವೆ.

2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ದಾಳಿಯಾಗಿ ನೋಂದಣಿ, ಲ್ಯಾಬ್ ವರದಿ ಎಲ್ಲವೂ ದಿನಗಟ್ಟಲೆ ಕೈಬರಹಕ್ಕೆ ಮರಳಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆಗೇ ಹಾಗಾದರೆ ನಮ್ಮದೇನು ಎಂದು ಕೈಚೆಲ್ಲಬೇಕಿಲ್ಲ. ಯುಪಿಎಸ್, ದಿನದ ಬ್ಯಾಕಪ್, ಅದರ ಒಂದು ಪ್ರತಿ ಕ್ಲಿನಿಕ್ಕಿನ ಹೊರಗೆ. ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್ಪಿನಿಂದ ಒಬ್ಬ ರೋಗಿಯ ಫೈಲು ನಿಜವಾಗಿ ಮರಳಿ ತೆರೆಯುತ್ತದೆಯೇ ಎಂದು ನೋಡಬೇಕು. ಡ್ರಾಯರಿನಲ್ಲಿ ನೂರು ಖಾಲಿ ಹೊರರೋಗಿ ಚೀಟಿಗಳು ಯಾವಾಗಲೂ ಇರಲಿ.

ರೋಗಿಗಳಿಗೂ ಎರಡು ಮಾತು. ನಿಮ್ಮ ಪ್ಲಾಸ್ಟಿಕ್ ಕವರನ್ನು ಎಸೆಯಬೇಡಿ, ಎಲ್ಲ ಆಸ್ಪತ್ರೆಗಳೂ ಇನ್ನೂ ಜಾಲದಲ್ಲಿ ಸೇರಿಲ್ಲ. ಬಣ್ಣ ಮಾಸುವ ಇಸಿಜಿಯ ಫೋಟೊ ತೆಗೆದಿಡಿ. ತೆರೆಯ ಮೇಲೆ ನಿಮ್ಮ ಹೆಸರು, ಹುಟ್ಟಿದ ವರ್ಷ, ಅಲರ್ಜಿ ಸರಿಯಾಗಿದೆಯೇ ಎಂದು ಕೇಳಿ ನೋಡಿ, ಅದು ನಿಮ್ಮ ಹಕ್ಕು. ಬೇರೆಯವರು ಫೋನ್ ಮಾಡಿ ‘ಆಭಾ ಅಪ್‌ಡೇಟ್‌ಗೆ ಒಟಿಪಿ ಹೇಳಿ’ ಎಂದರೆ ಹೇಳಬೇಡಿ. ನೀವು ಹೋಗಿರದ ಆಸ್ಪತ್ರೆಯಿಂದ ಒಪ್ಪಿಗೆ ಕೋರಿಕೆ ಬಂದರೆ ನಿರಾಕರಿಸಿ.

ಕಡೆಗೆ, ಯಾರೂ ಮುಂಚೆ ಯೋಚಿಸದ ಒಂದು ಸಂಗತಿ: ಕ್ಲಿನಿಕ್ಕು ಮುಚ್ಚುವ ದಿನ. ನಲವತ್ತು ವರ್ಷ ಒಂದೇ ಊರಿನಲ್ಲಿ ಕೆಲಸ ಮಾಡಿದ ಡಾಕ್ಟರು ನಿವೃತ್ತರಾದಾಗ ಅವರ ಕಂಪ್ಯೂಟರ್ ಗುಜರಿಗೆ ಹೋಗುವುದುಂಟು, ಒಳಗಿನ ಹಾರ್ಡ್ ಡಿಸ್ಕ್ ಸಮೇತ. ಮುಚ್ಚುವ ಕೆಲವು ತಿಂಗಳ ಮೊದಲೇ ಬಾಗಿಲಿಗೆ ಕನ್ನಡದಲ್ಲಿ ಒಂದು ಸೂಚನೆ ಹಚ್ಚಿ. ದೀರ್ಘ ಕಾಯಿಲೆಯ ಪ್ರತಿಯೊಬ್ಬರಿಗೂ ಒಂದು ಪುಟದ ಸಾರಾಂಶ ಮುದ್ರಿಸಿ, ಕೊಟ್ಟದ್ದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ಕ್ಲಿನಿಕ್ಕನ್ನು ಇನ್ನೊಬ್ಬ ಡಾಕ್ಟರಿಗೆ ವಹಿಸುವುದಾದರೆ ರೋಗಿಗಳ ಒಪ್ಪಿಗೆ ಕೇಳಿಯೇ ದಾಖಲೆ ವಹಿಸಿ. ಇಡಬೇಕಾದ ಅವಧಿಯ ದಾಖಲೆಯನ್ನು ಪಾಸ್‌ವರ್ಡ್ ಹಾಕಿದ ಒಂದು ಡಿಸ್ಕಿಗೆ ಇಳಿಸಿಕೊಂಡು, ಹಳೆಯ ಹಾರ್ಡ್ ಡಿಸ್ಕನ್ನು ಬಿಚ್ಚಿ ತೆಗೆದು ಒಡೆದು ಹಾಕಿ. ಗುಜರಿಯವರಿಗೆ ಕೊಡಬೇಕಾದದ್ದು ಉಳಿದ ಖಾಲಿ ಪೆಟ್ಟಿಗೆಯನ್ನು ಮಾತ್ರ.